ಸೈಟೇಷನ್ ಜೆಟ್‌ಗಳಲ್ಲಿ ಯಾವುದನ್ನು ಆರಿಸಬೇಕು: ಹೆಸರಿಗಿಂತ ಮೊದಲು ಸಂಖ್ಯೆಯನ್ನು ನೋಡಿ

ಸೆಸ್ನಾ ಸೈಟೇಷನ್ ಎಂಬ ಒಂದೇ ಹೆಸರಿನಡಿ ಅಮೆರಿಕದ ಕಾನ್ಸಸ್ ರಾಜ್ಯದ ಕಾರ್ಖಾನೆಗಳಿಂದ ಈವರೆಗೆ 8,000ಕ್ಕೂ ಹೆಚ್ಚು ಬಿಸಿನೆಸ್ ಜೆಟ್‌ಗಳು ಹೊರಬಂದಿವೆ. ಅವುಗಳಲ್ಲಿ ಒಬ್ಬನೇ ಪೈಲಟ್ ಹಾರಿಸಬಹುದಾದ ಪುಟ್ಟ ವಿಮಾನವೂ ಇದೆ, 12 ಜನರನ್ನು ಕೂರಿಸಿಕೊಂಡು ಸಾಗರ ದಾಟುವ ವಿಮಾನವೂ ಇದೆ. ಕೊಳ್ಳುವವರಿಗಾಗಲಿ ಬಾಡಿಗೆಗೆ ಪಡೆಯುವವರಿಗಾಗಲಿ ಮೊದಲ ತೊಡಕು ಇಲ್ಲಿಂದಲೇ ಶುರುವಾಗುತ್ತದೆ. ಎಂ2, ಸಿಜೆ4, ಎಕ್ಸ್‌ಎಲ್‌ಎಸ್, ಲ್ಯಾಟಿಟ್ಯೂಡ್, ಲಾಂಜಿಟ್ಯೂಡ್ ಎಂಬ ಹೆಸರುಗಳನ್ನು ಸಾಲಾಗಿ ಓದಿದಾಗ ಇವೆಲ್ಲ ಒಂದೇ ವಿಮಾನದ ಚಿಕ್ಕ, ನಡುವಿನ ಮತ್ತು ದೊಡ್ಡ ಅಳತೆಗಳೆಂಬ ಭಾವನೆ ಮೂಡುತ್ತದೆ. ವಾಸ್ತವದಲ್ಲಿ ಇವು ಬೇರೆ ಬೇರೆ ಮನೆತನಗಳು. ಮಾರಾಟ ವಿಭಾಗ ಇಟ್ಟ ಹೆಸರಿಗಿಂತ ಅನುಮೋದನೆ ಪತ್ರದಲ್ಲಿ ನಮೂದಾದ ಮಾದರಿ ಸಂಖ್ಯೆ, ಅಂದರೆ 525, 560ಎಕ್ಸ್‌ಎಲ್, 680ಎ, 700 ಮೊದಲಾದವು, ವಿಮಾನದ ರೆಕ್ಕೆ ಎಂಥದು, ಪೈಲಟ್‌ಗಳು ಎಷ್ಟು ಜನ ಬೇಕು, ತರಬೇತಿ ಯಾವುದು ಎಂಬುದನ್ನು ಹೆಚ್ಚು ನೇರವಾಗಿ ತಿಳಿಸುತ್ತದೆ. ಆದ್ದರಿಂದ ಈ ಬರಹದಲ್ಲಿ ಹೋಲಿಕೆಯನ್ನು ಸಂಖ್ಯೆಗಳ ಜಾಡಿನಲ್ಲಿಯೇ ನಡೆಸಿದ್ದೇನೆ.

ನಿಧಾನವನ್ನೇ ಆರಿಸಿಕೊಂಡ ಮೊದಲ ವಿಮಾನ

ಸೆಸ್ನಾ ಸಂಸ್ಥೆಗೆ ಸಣ್ಣ ಜೆಟ್ ಹೊಸದಾಗಿರಲಿಲ್ಲ. ಅಮೆರಿಕದ ವಾಯುಪಡೆಗೆ ಅದು ಟಿ-37 ತರಬೇತಿ ವಿಮಾನವನ್ನು ತಯಾರಿಸಿಕೊಟ್ಟಿತ್ತು. 1968ರಲ್ಲಿ ಸಂಸ್ಥೆ ‘ಫ್ಯಾನ್‌ಜೆಟ್ 500’ ಎಂಬ ಎಂಟು ಆಸನದ ನಾಗರಿಕ ಜೆಟ್ಟನ್ನು ಘೋಷಿಸಿತು. 1948ರಲ್ಲಿ ಅಮೆರಿಕದ ಮೂರು ಪ್ರಮುಖ ಕುದುರೆ ಪಂದ್ಯಗಳನ್ನೂ ಗೆದ್ದ ‘ಸೈಟೇಷನ್’ ಎಂಬ ಕುದುರೆಯ ಹೆಸರನ್ನು ಆ ವಿಮಾನಕ್ಕೆ ಬಳಿಕ ಇಡಲಾಯಿತು. 1969ರ ಸೆಪ್ಟೆಂಬರ್ 15ರಂದು ಅದು ಮೊದಲ ಬಾರಿ ಹಾರಿತು. 1971ರ ಸೆಪ್ಟೆಂಬರ್‌ನಲ್ಲಿ ಅನುಮೋದನೆ ಪಡೆಯಿತು.

ಅದೇ ವಿಚಿಟಾ ಊರಿನಲ್ಲಿ ಬಿಲ್ ಲಿಯರ್ ಅವರ ಲಿಯರ್‌ಜೆಟ್ ಆಗಲೇ ಗಂಟೆಗೆ 800 ಕಿ.ಮೀ.ಗೂ ಮೀರಿದ ವೇಗದಲ್ಲಿ ಹಾರುತ್ತಿತ್ತು. ಸೆಸ್ನಾ ಆ ಸ್ಪರ್ಧೆಗೆ ಇಳಿಯಲಿಲ್ಲ. ಪ್ರೊಪೆಲ್ಲರ್ ವಿಮಾನವನ್ನು ಸ್ವತಃ ಹಾರಿಸಿಕೊಂಡು ಸಣ್ಣ ಊರುಗಳ ಮೋಟು ರನ್‌ವೇಗಳಿಗೆ ಹೋಗಿಬರುತ್ತಿದ್ದ ಉದ್ಯಮಿಯನ್ನು ಜೆಟ್ಟಿಗೆ ಕರೆತರುವುದು ಅದರ ಗುರಿಯಾಗಿತ್ತು. ಹಾಗಾಗಿ ರೆಕ್ಕೆಯನ್ನು ಹಿಂದಕ್ಕೆ ಬಾಗಿಸದೆ ನೇರವಾಗಿಯೇ ಇಟ್ಟರು, ಪ್ರ್ಯಾಟ್ ಅಂಡ್ ವಿಟ್ನಿ ಕೆನಡಾದ ಜೆಟಿ15ಡಿ ಎಂಬ ಸಣ್ಣ ಟರ್ಬೊಫ್ಯಾನ್ ಎಂಜಿನ್‌ಗಳನ್ನು ಜೋಡಿಸಿದರು, ಇಳಿಯುವ ವೇಗವನ್ನು ಕಡಿಮೆ ಇಟ್ಟರು. ವೇಗ ಗಂಟೆಗೆ 650 ಕಿ.ಮೀ. ಆಸುಪಾಸಿನಲ್ಲಿತ್ತು. ಪೈಲಟ್‌ಗಳು ಅದನ್ನು ‘ಸ್ಲೋಟೇಷನ್’ ಎಂದು ಕರೆದರು, ಆದರೂ ಅದು ಮಾರಾಟವಾಯಿತು. 1977ರಿಂದ ಒಬ್ಬನೇ ಪೈಲಟ್ ಹಾರಿಸಬಹುದಾದ ಆವೃತ್ತಿಯೂ ಬಂದಿತು. ಸೈಟೇಷನ್ ಸಮೂಹದ ಸುರಕ್ಷತಾ ದಾಖಲೆಯನ್ನು ಗುರುತಿಸಿ 1985ನೇ ಸಾಲಿನ ಕೊಲಿಯರ್ ಟ್ರೋಫಿ ಎಂಬ ಅಮೆರಿಕದ ವಿಮಾನಯಾನ ಪ್ರಶಸ್ತಿಯನ್ನು ಸಂಸ್ಥೆಗೂ ಅದರ ಮುಖ್ಯಸ್ಥ ರಸ್ಸೆಲ್ ಮೇಯರ್ ಅವರಿಗೂ ನೀಡಲಾಯಿತು. ನಂಬಿಕೆಯ ನಡತೆ, ಮೋಟು ರನ್‌ವೇ, ಹಗುರವಾದ ನಿರ್ವಹಣೆ ಎಂಬ ಆ ಮೊದಲ ತೀರ್ಮಾನದ ಗುರುತು ಇಂದಿನ ಸಣ್ಣ ಸೈಟೇಷನ್‌ಗಳಲ್ಲಿಯೂ ಉಳಿದಿದೆ. ದೊಡ್ಡವುಗಳಲ್ಲಿ ಅದು ಬಹುಮಟ್ಟಿಗೆ ಅಳಿಸಿಹೋಗಿದೆ.

ಯಾವುದು ಯಾರ ಸಂತತಿ

500 ಉದ್ದವಾಗಿ 550 ಆಯಿತು, ಅದು ಇನ್ನಷ್ಟು ಉದ್ದವಾಗಿ 560, ಅಂದರೆ ಸೈಟೇಷನ್ ಫೈವ್ ಆಯಿತು. ಇದು ನೇರ ರೆಕ್ಕೆಯ ಹಳೆಯ ಮನೆತನ. 1991ರಲ್ಲಿ ಹಾರಿದ 525, ಅಂದರೆ ಸೈಟೇಷನ್‌ಜೆಟ್, ಆ ಮನೆತನದ ಕ್ಯಾಬಿನ್ ಸುತ್ತಳತೆಯನ್ನು ಇಟ್ಟುಕೊಂಡು ಹೊಸ ರೆಕ್ಕೆ, ಟಿ ಆಕಾರದ ಬಾಲ ಮತ್ತು ವಿಲಿಯಮ್ಸ್ ಎಫ್‌ಜೆ44 ಎಂಜಿನ್‌ಗಳನ್ನು ಪಡೆಯಿತು. ಗಾಳಿ ಮೇಲ್ಮೈಗೆ ಅಂಟಿಕೊಂಡಂತೆ ನಯವಾಗಿ ಹರಿಯುವ ರೆಕ್ಕೆಯ ವಿನ್ಯಾಸದಿಂದಾಗಿ ಸಣ್ಣ ಎಂಜಿನ್‌ಗಳಲ್ಲೇ ಸಾಕಷ್ಟು ವೇಗ ಸಿಕ್ಕಿತು. ಸಿಜೆ1, ಸಿಜೆ2, ಸಿಜೆ3, ಸಿಜೆ4 ಮತ್ತು ಎಂ2 ಇವೆಲ್ಲವೂ 525ರ ಮಕ್ಕಳು. ಅಮೆರಿಕದ ನಿಯಮದಲ್ಲಿ ಒಂದೇ ಟೈಪ್ ರೇಟಿಂಗ್, ಅಂದರೆ ನಿರ್ದಿಷ್ಟ ಮಾದರಿಯನ್ನು ಹಾರಿಸಲು ಪೈಲಟ್ ಪಡೆಯಬೇಕಾದ ಅರ್ಹತೆ, ಇವೆಲ್ಲಕ್ಕೂ ಸಲ್ಲುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗುವ ಪೈಲಟ್‌ಗೆ ವ್ಯತ್ಯಾಸಗಳ ತರಬೇತಿ ಸಾಕು.

ಇನ್ನೊಂದು ಕವಲು 1979ರಲ್ಲಿ ಹಾರಿದ 650, ಅಂದರೆ ಸೈಟೇಷನ್ ತ್ರೀ. ಅದಕ್ಕೆ ಹಿಂಬಾಗಿದ ರೆಕ್ಕೆಯೂ ಅಗಲವಾದ ಹೊಸ ಒಡಲೂ ಇದ್ದವು. ಆ ಒಡಲಿನ ಸುತ್ತಳತೆ ಮುಂದೆ ಬಹಳ ಕಾಲ ಬಾಳಿತು. 1993ರಲ್ಲಿ ಹಾರಿದ, ಶಬ್ದದ ವೇಗದ ಶೇಕಡ 92ರಷ್ಟನ್ನು ಮುಟ್ಟಬಲ್ಲ ಸೈಟೇಷನ್ ಟೆನ್‌ಗೂ ಅದೇ ಸುತ್ತಳತೆ. 1996ರಲ್ಲಿ ಹಾರಿದ 560ಎಕ್ಸ್‌ಎಲ್, ಅಂದರೆ ಎಕ್ಸೆಲ್, ಹುಟ್ಟಿದ್ದು ಇನ್ನೂ ಜಾಣತನದಿಂದ: ಸೈಟೇಷನ್ ಟೆನ್‌ನ ಒಡಲನ್ನು ಮೊಟಕುಗೊಳಿಸಿ, ಅದಕ್ಕೆ ಸೈಟೇಷನ್ ಫೈವ್‌ನ ನೇರ ರೆಕ್ಕೆಯನ್ನು ತಿದ್ದಿ ಜೋಡಿಸಿದರು. ಎಕ್ಸ್‌ಎಲ್‌ಎಸ್, ಎಕ್ಸ್‌ಎಲ್‌ಎಸ್ ಪ್ಲಸ್ ಮತ್ತು 2023ರಲ್ಲಿ ಘೋಷಿತವಾದ ಅಸೆಂಡ್ ಇವು ಅದರ ಮುಂದಿನ ರೂಪಗಳು. 2002ರಲ್ಲಿ ಹಾರಿದ 680, ಅಂದರೆ ಸಾವರಿನ್, ತನ್ನ ರೆಕ್ಕೆ ಮತ್ತು ಬಾಲವನ್ನು 2014ರಲ್ಲಿ ಹಾರಿದ 680ಎ, ಅಂದರೆ ಲ್ಯಾಟಿಟ್ಯೂಡ್‌ಗೆ ಕೊಟ್ಟಿತು. ಒಡಲು ಮಾತ್ರ ಪೂರ್ತಿ ಹೊಸದು. ಆ ಹೊಸ ಒಡಲನ್ನು ಉದ್ದವಾಗಿಸಿ, ಬೇರೆ ರೆಕ್ಕೆ ಕೊಟ್ಟಾಗ ಆದದ್ದು 700, ಅಂದರೆ ಲಾಂಜಿಟ್ಯೂಡ್.

ಈ ವಂಶಾವಳಿಯನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಕ್ಯಾಬಿನ್ನಿನಲ್ಲಿ ನೆಟ್ಟಗೆ ನಿಲ್ಲಬಹುದೇ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. 525ರ ಮಕ್ಕಳೆಲ್ಲರಲ್ಲೂ ಎತ್ತರ ಸುಮಾರು 1.45 ಮೀಟರ್, ಸಿಜೆ4 ಎಷ್ಟೇ ಉದ್ದವಾಗಿದ್ದರೂ ಅದರಲ್ಲಿ ಬಾಗಿಯೇ ನಡೆಯಬೇಕು. 560ಎಕ್ಸ್‌ಎಲ್‌ನಲ್ಲಿ 1.73 ಮೀಟರ್, ಅದೂ ಆಸನಗಳ ನಡುವೆ ತಗ್ಗಿಸಿದ ಹಾದಿಯಲ್ಲಿ ಮಾತ್ರ. ಲ್ಯಾಟಿಟ್ಯೂಡ್ ಮತ್ತು ಲಾಂಜಿಟ್ಯೂಡ್‌ಗಳಲ್ಲಿ 1.83 ಮೀಟರ್, ನೆಲ ಪೂರ್ತಿ ಸಮತಟ್ಟು. ಎಕ್ಸ್‌ಎಲ್‌ಎಸ್‌ನ ತಗ್ಗು ಹಾದಿಯಿಂದ ಆಸನಕ್ಕೆ ಹೋಗುವಾಗ ಒಂದು ಸಣ್ಣ ಮೆಟ್ಟಿಲು ಹತ್ತಿದಂತೆ ಕಾಲೆತ್ತಬೇಕಾಗುತ್ತದೆ. ಯುವಕರಿಗೆ ಇದು ಗಮನಕ್ಕೇ ಬರುವುದಿಲ್ಲ. ಮಂಡಿನೋವಿರುವ ಹಿರಿಯರು ಜೊತೆಗಿದ್ದರೆ ಪ್ರತಿ ಪ್ರಯಾಣದಲ್ಲೂ ಬರುತ್ತದೆ.

ಕೈಪಿಡಿಯ ದೂರ, ನಿಜವಾದ ದೂರ

ತಯಾರಕರು ಕೊಡುವ ಗರಿಷ್ಠ ದೂರದ ಅಂಕಿ ಸುಳ್ಳಲ್ಲ, ಆದರೆ ಅದಕ್ಕೆ ಷರತ್ತುಗಳಿವೆ. ಸಾಮಾನ್ಯವಾಗಿ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಪ್ರಯಾಣಿಕರು, ಎದುರುಗಾಳಿಯಿಲ್ಲದ ಆಕಾಶ, ಮಿತವ್ಯಯದ ವೇಗ ಎಂಬ ಲೆಕ್ಕದಲ್ಲಿ ಅದು ಬರುತ್ತದೆ. ಎಂ2 ಸುಮಾರು 2,870 ಕಿ.ಮೀ., ಸಿಜೆ3 ಪ್ಲಸ್ 3,780, ಸಿಜೆ4 4,010, ಎಕ್ಸ್‌ಎಲ್‌ಎಸ್ ಪ್ಲಸ್ 3,900ರ ಆಸುಪಾಸು, ಲ್ಯಾಟಿಟ್ಯೂಡ್ 5,000, ಲಾಂಜಿಟ್ಯೂಡ್ 6,480 ಕಿ.ಮೀ. ಹೋಗುತ್ತವೆ ಎಂಬ ಅಂಕಿಗಳನ್ನು ಈ ಷರತ್ತುಗಳೊಡನೆಯೇ ಓದಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ಆಸನ ಮತ್ತು ಇಂಧನದ ನಡುವಿನ ಜಗ್ಗಾಟ. ಎಂ2ನಲ್ಲಿ ಏಳು ಪ್ರಯಾಣಿಕರಿಗೆ ಜಾಗವಿದೆ. ಆದರೆ ಟ್ಯಾಂಕು ಪೂರ್ತಿ ತುಂಬಿಸಿದರೆ ಪೈಲಟ್ಟನ್ನು ಬಿಟ್ಟು ಉಳಿಯುವ ಭಾರ ಇನ್ನೂರು ಕಿಲೋ ಆಸುಪಾಸು ಮಾತ್ರ, ಅಂದರೆ ಇಬ್ಬರು ಅಥವಾ ಮೂವರು ಮತ್ತು ಅವರ ಕೈಚೀಲ. ಬೆಂಗಳೂರಿನಿಂದ ದೆಹಲಿ ಸುಮಾರು 1,700 ಕಿ.ಮೀ.; ನಾಲ್ವರು ಹೊರಟರೆ ಎಂ2ಗೆ ಅದು ಸಮಾಧಾನದ ಹಾರಾಟ. ದುಬೈ ಸುಮಾರು 2,700 ಕಿ.ಮೀ.; ಕಾಗದದ ಮೇಲೆ ಎಂ2ನ ವ್ಯಾಪ್ತಿಗೆ ಬರುವಂತೆ ಕಂಡರೂ ಪಶ್ಚಿಮದ ಗಾಳಿಗೆ ಎದುರಾಗಿ, ನಾಲ್ಕಾರು ಜನರೊಂದಿಗೆ ನಡುವೆ ಇಳಿಯದೆ ತಲುಪುವ ಯೋಜನೆಯನ್ನು ಯಾವ ಎಚ್ಚರಿಕೆಯ ಪೈಲಟ್ಟೂ ಒಪ್ಪುವುದಿಲ್ಲ. ವರ್ಷದಲ್ಲಿ ಹೆಚ್ಚು ಬಾರಿ ಹೋಗುವ ದಾರಿ ಯಾವುದು, ಆಗ ಜೊತೆಗಿರುವವರು ಎಷ್ಟು ಜನ, ಅವರ ಸಾಮಾನು ಎಷ್ಟು ಎಂಬ ಮೂರನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ವರ್ಷಕ್ಕೊಮ್ಮೆ ಬರುವ ದೂರದ ಪ್ರಯಾಣಕ್ಕಾಗಿ ದೊಡ್ಡ ವಿಮಾನವನ್ನು ಕೊಂಡು, ಉಳಿದ ದಿನಗಳಲ್ಲಿ ಅದರಲ್ಲಿ ಇಬ್ಬರೇ ಮುಂಬೈಗೆ ಹೋಗಿಬರುವುದು ಇಂಧನವನ್ನು ಸುಮ್ಮನೆ ಸುಡುವ ಕೆಲಸ. ಆ ಒಂದು ಪ್ರಯಾಣಕ್ಕೆ ದೊಡ್ಡ ವಿಮಾನವನ್ನು ಬಾಡಿಗೆಗೆ ಪಡೆಯುವುದು ಎಷ್ಟೋ ಮೇಲು.

ಎಂ2, ಸಿಜೆ3 ಮತ್ತು ಸಿಜೆ4

2013ರಲ್ಲಿ ಅನುಮೋದನೆ ಪಡೆದ ಎಂ2 ಎಂದರೆ ಮೂಲ ಸೈಟೇಷನ್‌ಜೆಟ್ಟಿಗೆ ಗಾರ್ಮಿನ್ ಜಿ3000 ಕಾಕ್‌ಪಿಟ್ ಮತ್ತು ಸುಧಾರಿತ ಎಂಜಿನ್ ಸೇರಿದ ರೂಪ. ಪ್ರೊಪೆಲ್ಲರ್ ವಿಮಾನದಿಂದ ಮೊದಲ ಬಾರಿ ಜೆಟ್ಟಿಗೆ ಬರುವ, ತಾವೇ ಹಾರಿಸುವ ಮಾಲೀಕರಿಗೆ ಇದಕ್ಕಿಂತ ಸೌಮ್ಯವಾದ ಮೆಟ್ಟಿಲು ಸೈಟೇಷನ್ ಮನೆಯಲ್ಲಿ ಈಗ ಇಲ್ಲ. ಸಿಜೆ3 ನನ್ನ ದೃಷ್ಟಿಯಲ್ಲಿ ಈ ಮನೆತನದ ಅತ್ಯಂತ ಸಮತೂಕದ ವಿಮಾನ: ನೇರ ರೆಕ್ಕೆ, ಸಾವಿರ ಮೀಟರಿಗಿಂತ ಕಡಿಮೆ ರನ್‌ವೇಯಿಂದ ಏರುವ ಶಕ್ತಿ, ಐದಾರು ಜನರೊಂದಿಗೂ ಬಳಕೆಗೆ ಬರುವಷ್ಟು ದೂರ.

2008ರಲ್ಲಿ ಹಾರಿದ ಸಿಜೆ4 ಹೆಸರಿನಲ್ಲಿ ಮಾತ್ರ ಮುಂದಿನ ಹೆಜ್ಜೆ. ರಚನೆಯಲ್ಲಿ ದೊಡ್ಡ ಜಿಗಿತ. ಅದರ ರೆಕ್ಕೆ ಸಾವರಿನ್‌ನ ರೆಕ್ಕೆಯಿಂದ ಹುಟ್ಟಿದ, ತುಸು ಹಿಂಬಾಗಿದ ರೆಕ್ಕೆ. ಪ್ರತಿ ಎಂಜಿನ್ನಿನ ನೂಕುಬಲ 3,600 ಪೌಂಡಿಗೂ ಹೆಚ್ಚು. ಗಂಟೆಗೆ ಸುಮಾರು 835 ಕಿ.ಮೀ. ವೇಗದಲ್ಲಿ ಅದು ತನಗಿಂತ ದೊಡ್ಡವಾದ ಎಕ್ಸ್‌ಎಲ್‌ಎಸ್ ಪ್ಲಸ್ ಮತ್ತು ಲ್ಯಾಟಿಟ್ಯೂಡ್ ಎರಡನ್ನೂ ಹಿಂದಿಕ್ಕುತ್ತದೆ. ಇಷ್ಟಾದರೂ ಒಬ್ಬನೇ ಪೈಲಟ್ ಹಾರಿಸಲು ಅನುಮೋದನೆಯಿದೆ. ಈ ಮೂರಕ್ಕೂ ಹೊಸ ಗಾರ್ಮಿನ್ ಕಾಕ್‌ಪಿಟ್ ಮತ್ತು ಪೈಲಟ್ ಅಸ್ವಸ್ಥನಾದರೆ ವಿಮಾನವನ್ನು ತಾನೇ ಇಳಿಸುವ ವ್ಯವಸ್ಥೆಯುಳ್ಳ ಮೂರನೆಯ ಪೀಳಿಗೆಯನ್ನು ಸಂಸ್ಥೆ 2024ರಲ್ಲಿ ಘೋಷಿಸಿದೆ. ಒಬ್ಬನೇ ಹಾರಿಸುವ ಮಾಲೀಕರು ಮತ್ತು ಅವರ ಹಿಂದೆ ಕುಳಿತ ಮನೆಯವರ ದೃಷ್ಟಿಯಿಂದ ಇದು ಕಾಯುವುದಕ್ಕೆ ತಕ್ಕ ಸೌಲಭ್ಯವೆಂದು ನಾನು ಮನಃಪೂರ್ವಕವಾಗಿ ಭಾವಿಸುತ್ತೇನೆ.

ಸಿಜೆ4 ಅಥವಾ ಎಕ್ಸ್‌ಎಲ್‌ಎಸ್: ಕಠಿಣವಾದ ಆಯ್ಕೆ

ಈ ಎರಡರ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಗೊಂದಲವಾಗುವುದು ಸಹಜ. ಹೋಗುವ ದೂರ ಹೆಚ್ಚೂಕಡಿಮೆ ಒಂದೇ, ಏರಲು ಬೇಕಾದ ರನ್‌ವೇ ಸಿಜೆ4ಗೆ 1,040 ಮೀಟರ್, ಎಕ್ಸ್‌ಎಲ್‌ಎಸ್‌ಗೆ 1,085 ಮೀಟರ್. ವೇಗ ಸಿಜೆ4ದೇ ಹೆಚ್ಚು, ಇಂಧನ ಬೇಡುವುದೂ ಅದೇ ಕಡಿಮೆ. ಹಾಗಿದ್ದ ಮೇಲೆ ಎಕ್ಸ್‌ಎಲ್‌ಎಸ್ ಬಾಡಿಗೆ ಸೇವೆಗಳಲ್ಲಿ ಇಷ್ಟು ಕಾಲ ಮೆಚ್ಚುಗೆ ಗಳಿಸಿದ್ದೇಕೆ? ಉತ್ತರ ವಿಮಾನ ನೆಲದ ಮೇಲಿರುವಾಗ ಸಿಗುತ್ತದೆ.

ಎಕ್ಸ್‌ಎಲ್‌ಎಸ್‌ನ ಬಾಲದಲ್ಲಿ ಎಪಿಯು ಎಂಬ ಸಣ್ಣ ಸಹಾಯಕ ಎಂಜಿನ್ ಇದೆ. ಮುಖ್ಯ ಎಂಜಿನ್‌ಗಳನ್ನು ಆರಿಸಿಟ್ಟಿದ್ದರೂ ಅದು ವಿದ್ಯುತ್ತನ್ನು ಕೊಡುತ್ತದೆ, ಕ್ಯಾಬಿನ್ ತಂಪು ಮಾಡುತ್ತದೆ. 525ರ ಮನೆತನದಲ್ಲಿ ಎಪಿಯು ಇಲ್ಲ. ನೆಲದ ಮೇಲೆ ತಂಪು ಬೇಕಾದರೆ ಹೊರಗಿನಿಂದ ವಿದ್ಯುತ್ ಗಾಡಿ ತರಿಸಬೇಕು, ಇಲ್ಲವೆ ಎಂಜಿನ್ ಚಾಲೂ ಮಾಡಬೇಕು. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಏಪ್ರನ್ನಿನಲ್ಲಿ, ಅಂದರೆ ವಿಮಾನಗಳನ್ನು ನಿಲ್ಲಿಸುವ ಅಂಗಳದಲ್ಲಿ, ಬಿಸಿಲಿಗೆ ಮೈಯೊಡ್ಡಿ ಎರಡು ಗಂಟೆ ನಿಂತ ವಿಮಾನವನ್ನು ಕಲ್ಪಿಸಿಕೊಳ್ಳಿ. ಬಾಗಿಲು ತೆರೆದ ಕೂಡಲೇ ಒಳಗಿನಿಂದ ಕಾದ ತೊಗಲಿನ ವಾಸನೆಯ ಝಳ ಮುಖಕ್ಕೆ ಬಡಿಯುತ್ತದೆ, ಸೀಟ್‌ಬೆಲ್ಟಿನ ಲೋಹದ ಕೊಂಡಿ ಮುಟ್ಟಲಾರದಷ್ಟು ಸುಡುತ್ತಿರುತ್ತದೆ. ಸಭೆ ಮುಗಿಸಿ ಬರುವವರು ಯಾವ ಗಳಿಗೆಯಲ್ಲಾದರೂ ಬರಬಹುದು ಎಂದು ಸಿಬ್ಬಂದಿ ಕಾಯುತ್ತಿರುವಾಗ ಎಪಿಯು ಇರುವ ವಿಮಾನ ಆಗಲೇ ತಂಪಾಗಿ ಸಿದ್ಧವಾಗಿರುತ್ತದೆ. ವಿದ್ಯುತ್ ಗಾಡಿ ಸಿಗದ ನಿಲ್ದಾಣಗಳಲ್ಲಿ ಈ ವ್ಯತ್ಯಾಸ ಯಾವ ಕೈಪಿಡಿಯ ಅಂಕಿಗಿಂತಲೂ ದೊಡ್ಡದು.

ಎರಡನೆಯದು ಪೈಲಟ್‌ಗಳ ವಿಚಾರ. 560ಎಕ್ಸ್‌ಎಲ್‌ಗೆ ಇಬ್ಬರು ಬೇಕೇ ಬೇಕು. ತಾವೇ ಹಾರಿಸುವವರಿಗೆ ಇದು ಖರ್ಚು. ಆದರೆ ಬಾಡಿಗೆ ಸೇವೆಯಲ್ಲಿ ಹೇಗೂ ಇಬ್ಬರನ್ನು ಕೂರಿಸುವುದೇ ರೂಢಿಯಾದ್ದರಿಂದ ಸಿಜೆ4ನ ಅನುಕೂಲ ಅಲ್ಲಿ ಕರಗಿಹೋಗುತ್ತದೆ. ಮೂರನೆಯದು ಎತ್ತರ: 28 ಸೆಂಟಿಮೀಟರ್‌ಗಳ ವ್ಯತ್ಯಾಸ. ಒಂದು ಗಂಟೆಯ ಪ್ರಯಾಣದಲ್ಲಿ ಯಾರೂ ಎದ್ದು ನಡೆಯುವುದಿಲ್ಲ, ಮೂರು ಗಂಟೆಯ ಪ್ರಯಾಣದಲ್ಲಿ ಎಲ್ಲರೂ ಎದ್ದೇಳುತ್ತಾರೆ. ನನ್ನ ಸಲಹೆ ಇಷ್ಟೇ: ಮಾಲೀಕರೇ ಪೈಲಟ್ ಆಗಿದ್ದು, ಹೆಚ್ಚಿನ ಪ್ರಯಾಣಗಳು ಎರಡು ಗಂಟೆಯೊಳಗೆ ಮುಗಿಯುವುದಾದರೆ ಸಿಜೆ4, ಪೈಲಟ್‌ಗಳನ್ನು ನೇಮಿಸಿಕೊಂಡು, ಅತಿಥಿಗಳನ್ನು ಕರೆದೊಯ್ಯುವ ಸಂಸ್ಥೆಯಾದರೆ ಎಕ್ಸ್‌ಎಲ್‌ಎಸ್. ಹೊಸದನ್ನೇ ಕೊಳ್ಳುವವರು ಅಸೆಂಡನ್ನು ನೋಡಬೇಕು; ತಗ್ಗು ಹಾದಿಯ ತೊಂದರೆಯನ್ನು ಅದರಲ್ಲಿ ಸಮತಟ್ಟಾದ ನೆಲದಿಂದ ನಿವಾರಿಸಿದ್ದಾರೆ, ಕಾಕ್‌ಪಿಟ್ಟಿಗೆ ಗಾರ್ಮಿನ್ ಜಿ5000 ಬಂದಿದೆ.

ಲ್ಯಾಟಿಟ್ಯೂಡ್ ಮತ್ತು ಲಾಂಜಿಟ್ಯೂಡ್

ಲ್ಯಾಟಿಟ್ಯೂಡ್ 2015ರಲ್ಲಿ ಅನುಮೋದನೆ ಪಡೆಯಿತು. ಒಂದೇ ವಿಮಾನವನ್ನು ಹಲವು ಮಾಲೀಕರಿಗೆ ಪಾಲುಪಾಲಾಗಿ ಮಾರುವ ನೆಟ್‌ಜೆಟ್ಸ್ ಸಂಸ್ಥೆ ಅದನ್ನು ದೊಡ್ಡ ಸಂಖ್ಯೆಯಲ್ಲಿ ಕೊಂಡಿತು. ಅದೇ ಸಂಸ್ಥೆ 2023ರಲ್ಲಿ ಮುಂದಿನ 15 ವರ್ಷಗಳಲ್ಲಿ ಇನ್ನೂ 1,500 ಸೈಟೇಷನ್‌ಗಳವರೆಗೆ ಕೊಳ್ಳುವ ಹಕ್ಕನ್ನು ಕಾಯ್ದಿರಿಸಿಕೊಂಡಿತು. ಈ ವಿಮಾನದ ಗುಣ ಬರೀ ಎತ್ತರದಲ್ಲಿಲ್ಲ. 45,000 ಅಡಿ ಎತ್ತರದಲ್ಲಿ ಹಾರುವಾಗಲೂ ಕ್ಯಾಬಿನ್ನಿನ ಗಾಳಿಯ ಒತ್ತಡ 5,950 ಅಡಿ, ಅಂದರೆ ಸುಮಾರು 1,800 ಮೀಟರ್ ಎತ್ತರದಲ್ಲಿರುವಂತೆ ಇರುತ್ತದೆ. ಮುಳ್ಳಯ್ಯನಗಿರಿಯ ತುದಿಗಿಂತ ಸ್ವಲ್ಪ ಕೆಳಗೆ ಕುಳಿತಂತೆ. ಸಣ್ಣ ಸಿಜೆಗಳು ತಮ್ಮ ಗರಿಷ್ಠ ಎತ್ತರದಲ್ಲಿರುವಾಗ ಅದು 8,000 ಅಡಿಯ ಹತ್ತಿರ ಇರುತ್ತದೆ, ಊಟಿಗಿಂತಲೂ ಮೇಲೆ. ಉಸಿರಾಟದ ಅಥವಾ ಹೃದಯದ ತೊಂದರೆಯಿರುವವರು ಪ್ರಯಾಣಿಸುವುದಾದರೆ ವೈದ್ಯರೊಂದಿಗೆ ಈ ಒಂದು ಅಂಕಿಯನ್ನು ಕುರಿತು ಮಾತಾಡುವುದು ಒಳ್ಳೆಯದು.

ಲಾಂಜಿಟ್ಯೂಡ್ 2019ರ ಸೆಪ್ಟೆಂಬರ್‌ನಲ್ಲಿ ಅನುಮೋದನೆ ಪಡೆಯಿತು. ಹನಿವೆಲ್ ಎಂಜಿನ್‌ಗಳು, ಗಂಟೆಗೆ 895 ಕಿ.ಮೀ. ವೇಗ, ಹಾರಾಟದ ನಡುವೆಯೇ ಒಳಗೆ ಹೋಗಿ ಪೆಟ್ಟಿಗೆ ತೆರೆಯಬಹುದಾದ ಸಾಮಾನು ಕೋಣೆ ಇದರ ವೈಶಿಷ್ಟ್ಯಗಳು. ಬೆಂಗಳೂರಿನಿಂದ ಸಿಂಗಪುರ, ದುಬೈಗಳು ಇದಕ್ಕೆ ನೆರೆಮನೆಯಂತೆ. ಲಂಡನ್ ಮಾತ್ರ ಸುಮಾರು 8,000 ಕಿ.ಮೀ. ಆದ್ದರಿಂದ ನಡುವೆ ಒಂದು ಕಡೆ ಇಳಿಯಲೇಬೇಕು. ಇಳಿಯದೆ ಯುರೋಪಿನ ಪಶ್ಚಿಮ ತುದಿಗೆ ಹೋಗಬೇಕೆನ್ನುವವರಿಗೆ ಸೈಟೇಷನ್ ಮನೆಯಲ್ಲಿ ವಿಮಾನವೇ ಇಲ್ಲ.

ಮೈಸೂರಿನ ರನ್‌ವೇ ಮೇಲೆ ಒಂದು ಲೆಕ್ಕ

ಮೇಲೆ ಕೊಟ್ಟ ರನ್‌ವೇ ಅಳತೆಗಳು ಸಮುದ್ರಮಟ್ಟದಲ್ಲಿ, 15 ಡಿಗ್ರಿ ತಾಪದಲ್ಲಿ, ಪೂರ್ಣ ಭಾರದೊಂದಿಗೆ ತೆಗೆದವು. ದಕ್ಷಿಣದ ಪ್ರಸ್ಥಭೂಮಿಯಲ್ಲಿ ಹಾರಿಸುವವರು ಅವನ್ನು ಹಾಗೆಯೇ ನಂಬುವಂತಿಲ್ಲ. ಎತ್ತರದಲ್ಲಿಯೂ ಬಿಸಿಲಿನಲ್ಲಿಯೂ ಗಾಳಿ ತೆಳುವಾಗುತ್ತದೆ. ಎಂಜಿನ್ನಿನ ನೂಕುಬಲ ಕುಗ್ಗುತ್ತದೆ, ಅದೇ ಹೊತ್ತಿಗೆ ರೆಕ್ಕೆ ಭಾರವನ್ನೆತ್ತಲು ಹೆಚ್ಚಿನ ವೇಗವನ್ನು ಕೇಳುತ್ತದೆ. ಎರಡೂ ಸೇರಿ ಓಟವನ್ನು ಉದ್ದವಾಗಿಸುತ್ತವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದ್ದರೂ ಅಲ್ಲಿ ಚಿಂತೆಯಿಲ್ಲ. 2008ರಲ್ಲಿ ನಿಯಮಿತ ವಿಮಾನಗಳು ದೇವನಹಳ್ಳಿಗೆ ಹೋದ ಮೇಲೆ ಬಿಸಿನೆಸ್ ಜೆಟ್‌ಗಳ ನೆಲೆಯಾಗಿ ಉಳಿದ ಎಚ್‌ಎಎಲ್ ನಿಲ್ದಾಣದ ರನ್‌ವೇ 3,300 ಮೀಟರ್ ಉದ್ದವಿದೆ.

ಮೈಸೂರಿನಲ್ಲಿ ರನ್‌ವೇ 1,740 ಮೀಟರ್. ಎಂ2 ಮತ್ತು ಸಿಜೆ3 ಪ್ಲಸ್‌ಗೆ ಬೇಕಾದದ್ದು ಸಮುದ್ರಮಟ್ಟದಲ್ಲಿ 970ರಿಂದ 980 ಮೀಟರ್. ಏಪ್ರಿಲ್ ಮಧ್ಯಾಹ್ನದ ಸೆಕೆಯಲ್ಲಿ ಅದು ಎಷ್ಟೇ ಹೆಚ್ಚಾದರೂ ಅವಕ್ಕೆ ಅವಕಾಶವಿದೆ. ಲ್ಯಾಟಿಟ್ಯೂಡ್ 1,090 ಮೀಟರಿನಿಂದ ಶುರುವಾಗುವುದರಿಂದ ಅದಕ್ಕೂ ದೊಡ್ಡ ತೊಂದರೆಯಿಲ್ಲ. ಇಷ್ಟು ದೊಡ್ಡ ಕ್ಯಾಬಿನ್ನಿನ ವಿಮಾನಕ್ಕೆ ಇದು ಮೆಚ್ಚತಕ್ಕ ಗುಣ. ಲಾಂಜಿಟ್ಯೂಡ್ ಮಾತ್ರ 1,466 ಮೀಟರಿನಿಂದ ಶುರುವಾಗುತ್ತದೆ. ಅಂಥ ಮಧ್ಯಾಹ್ನ ಪೂರ್ಣ ಟ್ಯಾಂಕಿನೊಂದಿಗೆ ಅದನ್ನು ಮೈಸೂರಿನಿಂದ ಏರಿಸುವ ಬದಲು ಕಡಿಮೆ ಇಂಧನದೊಂದಿಗೆ ಹೊರಟು ಬೆಂಗಳೂರಿನಲ್ಲಿ ತುಂಬಿಸಿಕೊಳ್ಳಬೇಕಾಗುತ್ತದೆ, ಇಲ್ಲವೆ ಬೆಳಗಿನ ಜಾವ ಹೊರಡಬೇಕಾಗುತ್ತದೆ. ನಿಮ್ಮ ಕಾರ್ಖಾನೆಯೋ ಊರೋ ಇರುವ ಕಡೆಯ ರನ್‌ವೇ ಉದ್ದ, ಎತ್ತರ ಮತ್ತು ಬೇಸಿಗೆಯ ತಾಪವನ್ನು ಕೊಟ್ಟು, ಆ ಮೂರಕ್ಕೆ ಹೊಂದುವ ಲೆಕ್ಕವನ್ನು ವಿಮಾನದ ಕೈಪಿಡಿಯಿಂದಲೇ ತೆಗೆದುಕೊಡುವಂತೆ ಮಾರಾಟಗಾರರನ್ನು ಕೇಳಬೇಕು.

ಹಳೆಯ ವಿಮಾನವಾದರೆ

ಬಳಸಿದ ಸೈಟೇಷನ್‌ಗಳ ಮಾರುಕಟ್ಟೆ ವಿಶಾಲವಾಗಿದೆ. 2006ರಿಂದ 2017ರವರೆಗೆ ತಯಾರಾದ ಮಸ್ಟಾಂಗ್, ಅಂದರೆ 510, ಸುಮಾರು 2,100 ಕಿ.ಮೀ. ಹೋಗುವ ಮಿತವ್ಯಯದ ವಿಮಾನ. ಇಬ್ಬರು ಮೂವರ ಅಂತರರಾಜ್ಯ ಪ್ರಯಾಣಕ್ಕೆ ಸಾಕು, ವೇಗವನ್ನು ಮಾತ್ರ ನಿರೀಕ್ಷಿಸಬಾರದು. ಇನ್ನೊಂದು ತುದಿಯಲ್ಲಿ ಸೈಟೇಷನ್ ಟೆನ್ ಇದೆ. 1996ರಲ್ಲಿ ಮೊದಲ ವಿಮಾನವನ್ನು ಗಾಲ್ಫ್ ಆಟಗಾರ ಆರ್ನಾಲ್ಡ್ ಪಾಮರ್ ಪಡೆದರು; ಅದೇ ಸಾಲಿನ ಕೊಲಿಯರ್ ಟ್ರೋಫಿ ಅದರ ತಂಡಕ್ಕೆ ಸಂದಿತು; 2018ರಲ್ಲಿ ತಯಾರಿಕೆ ನಿಂತಿತು. ಅಷ್ಟು ವೇಗದ ವಿಮಾನ ಕಡಿಮೆ ಬೆಲೆಗೆ ಸಿಗುತ್ತದೆಂದು ಮನಸ್ಸು ಜಗ್ಗುವುದು ಸಹಜ. ಆದರೆ ಕೊಳ್ಳುವ ಬೆಲೆ ಇಳಿದಂತೆ ಅದರ ರೋಲ್ಸ್-ರಾಯ್ಸ್ ಎಂಜಿನ್‌ಗಳ ದುರಸ್ತಿಯ ವೆಚ್ಚವೋ ಇಂಧನದ ಖರ್ಚೋ ಇಳಿಯುವುದಿಲ್ಲ.

ಮಾದರಿ ಯಾವುದೇ ಇರಲಿ, ಹಳೆಯ ಜೆಟ್ಟಿನ ಬೆಲೆಯ ದೊಡ್ಡ ಪಾಲು ಎಂಜಿನ್‌ಗಳಲ್ಲಿಯೇ ಇರುತ್ತದೆ. ಹಾರಿದ ಪ್ರತಿ ಗಂಟೆಗೆ ಇಂತಿಷ್ಟು ಎಂದು ಕಟ್ಟುತ್ತ ಬಂದರೆ ಮುಂದಿನ ದುರಸ್ತಿಯನ್ನು ತಯಾರಕರೇ ವಹಿಸಿಕೊಳ್ಳುವ ಯೋಜನೆಗಳಿವೆ: ವಿಲಿಯಮ್ಸ್‌ನವರದು ಟ್ಯಾಪ್, ಪ್ರ್ಯಾಟ್ ಅಂಡ್ ವಿಟ್ನಿ ಕೆನಡಾದವರದು ಇಎಸ್‌ಪಿ, ಹನಿವೆಲ್‌ನವರದು ಎಂಎಸ್‌ಪಿ. ಒಂದೇ ವರ್ಷದ, ಒಂದೇ ಬಣ್ಣದ ಎರಡು ಸಿಜೆ3ಗಳಲ್ಲಿ ಒಂದು ಈ ಯೋಜನೆಯಲ್ಲಿದ್ದು ಇನ್ನೊಂದು ಇಲ್ಲದಿದ್ದರೆ ಅವೆರಡೂ ಒಂದೇ ಬೆಲೆಯ ವಿಮಾನಗಳಲ್ಲ. ಯೋಜನೆಯಲ್ಲಿದೆ ಎಂಬ ಬಾಯಿಮಾತು ಸಾಲದು. ಕಂತುಗಳು ಬಾಕಿಯಿಲ್ಲದೆ ಕಟ್ಟಿವೆಯೇ, ಯೋಜನೆ ಹೊಸ ಮಾಲೀಕರಿಗೆ ವರ್ಗವಾಗುತ್ತದೆಯೇ ಎಂಬುದನ್ನು ಎಂಜಿನ್ ತಯಾರಕರಿಂದಲೇ ಲಿಖಿತವಾಗಿ ತರಿಸಿಕೊಂಡು, ಎರಡೂ ಎಂಜಿನ್‌ಗಳ ಲಾಗ್‌ಬುಕ್ಕಿನ ಕ್ರಮಸಂಖ್ಯೆಗಳೊಡನೆ ತಾಳೆ ನೋಡಿದ ಮೇಲೆಯೇ ಮುಂಗಡ ಹಣ ಕೊಡಬೇಕು.